ಒಂದೇ ಕಂಪ್ಯೂಟರಿನಲ್ಲಿ ಎರಡು ವಿಡಿಯೊ ಪ್ಲೇಯರ್‌: ಯಾವುದರ ಜೊತೆಗೆ ಯಾವುದು

ಕೆಲವು ವರ್ಷಗಳ ಹಿಂದೆ ತರಬೇತಿ ಕಾರ್ಯಕ್ರಮವೊಂದಕ್ಕಾಗಿ ನಲವತ್ತು ನಿಮಿಷದ ವಿಡಿಯೊ ಸಿದ್ಧಪಡಿಸಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ಆರೇಳು ಬಾರಿ ನೋಡಿದ್ದೆ; ಎಲ್ಲಿಯೂ ತೊಡಕು ಕಂಡಿರಲಿಲ್ಲ. ಮರುದಿನ ಸಭಾಂಗಣದ ಕಂಪ್ಯೂಟರಿನಲ್ಲಿ ಅದೇ ಫೈಲನ್ನು ತೆರೆದಾಗ ಧ್ವನಿ ಮಾತ್ರ ಬಂತು, ಪರದೆ ಕಪ್ಪಾಗಿಯೇ ಉಳಿಯಿತು. ಜನ ಕಾದು ಕುಳಿತಿದ್ದರು. ಫೈಲು ಕೆಟ್ಟಿರಲಿಲ್ಲ, ಆ ಕಂಪ್ಯೂಟರೂ ಕೆಟ್ಟಿರಲಿಲ್ಲ. ಚಿತ್ರವನ್ನು ಎಚ್‌ಇವಿಸಿ ಎಂಬ ಕೋಡೆಕ್‌ನಲ್ಲಿ (ವಿಡಿಯೊವನ್ನು ಕುಗ್ಗಿಸಿಡುವ, ಮತ್ತೆ ಬಿಡಿಸುವ ವಿಧಾನಕ್ಕೆ ಕೋಡೆಕ್‌ ಎನ್ನುತ್ತಾರೆ) ಅಡಕ ಮಾಡಲಾಗಿತ್ತು, ಅದನ್ನು ಬಿಡಿಸಿ ತೋರಿಸುವ ಶಕ್ತಿ ಅಲ್ಲಿದ್ದ ಪ್ಲೇಯರಿಗೆ ಇರಲಿಲ್ಲ. ನನ್ನ ಪ್ಲೇಯರು ಏನು ಕೊಟ್ಟರೂ ತೆರೆಯುವಂಥದ್ದು, ಆದ್ದರಿಂದ ಈ ಕೊರತೆ ನನ್ನ ಕಣ್ಣಿಗೆ ಬೀಳುವ ಸಂದರ್ಭವೇ ಬಂದಿರಲಿಲ್ಲ. ಹಿಂದಿನ ರಾತ್ರಿ ಅದೇ ಫೈಲನ್ನು ಇನ್ನೊಂದು ಬಗೆಯ ಪ್ಲೇಯರಿನಲ್ಲಿ ಒಂದು ನಿಮಿಷ ಓಡಿಸಿ ನೋಡಿದ್ದರೆ ಸಾಕಾಗಿತ್ತು.

ಎರಡನೆಯ ಪ್ಲೇಯರ್‌ ಎಂದರೆ ಮೊದಲನೆಯದು ಕೈಕೊಟ್ಟಾಗ ಬಳಸುವ ಬದಲಿ ವ್ಯವಸ್ಥೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆ ಉಪಯೋಗ ಇದ್ದೇ ಇದೆ. ಆದರೆ ಅದಕ್ಕಿಂತ ದೊಡ್ಡ ಉಪಯೋಗವೆಂದರೆ, ಎರಡನೆಯ ಪ್ಲೇಯರು ಒಬ್ಬ ಸಾಕ್ಷಿಯಂತೆ ಕೆಲಸ ಮಾಡುತ್ತದೆ: ತೊಂದರೆ ಫೈಲಿನದೋ, ಪ್ಲೇಯರಿನದೋ, ಕಂಪ್ಯೂಟರಿನದೋ ಎಂಬುದನ್ನು ಒಂದೇ ನಿಮಿಷದಲ್ಲಿ ಹೇಳುತ್ತದೆ. ಈ ದೃಷ್ಟಿಯಿಂದ ನೋಡಿದರೆ ಯಾವ ಪ್ಲೇಯರು ಎಲ್ಲಕ್ಕಿಂತ ಒಳ್ಳೆಯದು ಎಂಬ ಪ್ರಶ್ನೆಗಿಂತ ಯಾವ ಎರಡು ಪ್ಲೇಯರುಗಳು ಒಂದಕ್ಕೊಂದು ಪೂರಕ ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ. ಎರಡು ಸಾಕು ಎಂಬುದು ನನ್ನ ಅಭಿಪ್ರಾಯ. ಮೂರನೆಯದನ್ನು ಹಾಕಿಕೊಳ್ಳುವವರಿಗೆ ಅದಕ್ಕೇ ಮೀಸಲಾದ ಒಂದು ಕೆಲಸವಿರಬೇಕು.

ಒಳಗೆ ನಡೆಯುವ ಮೂರು ಕೆಲಸಗಳು

ಪ್ಲೇಯರುಗಳನ್ನು ಹೋಲಿಸುವ ಮೊದಲು ಅವು ಏನು ಮಾಡುತ್ತವೆ ಎಂಬುದನ್ನು ಬಿಡಿಬಿಡಿಯಾಗಿ ನೋಡುವುದು ಒಳಿತು. ಎಂಪಿ4, ಎಂಕೆವಿ, ಎವಿಐ ಎಂದು ಫೈಲಿನ ಹೆಸರಿನ ಕೊನೆಯಲ್ಲಿ ಕಾಣುವುದು ಕಂಟೇನರಿನ ಹೆಸರು, ಅಂದರೆ ಡಬ್ಬಿಯ ಹೆಸರು. ಆ ಡಬ್ಬಿಯೊಳಗೆ ಚಿತ್ರ, ಧ್ವನಿ ಮತ್ತು ಸಬ್‌ಟೈಟಲ್‌ ಬೇರೆ ಬೇರೆ ಎಳೆಗಳಾಗಿ ಇರುತ್ತವೆ. ಪ್ಲೇಯರು ಮೊದಲು ಈ ಎಳೆಗಳನ್ನು ಬೇರ್ಪಡಿಸುತ್ತದೆ. ಆಮೇಲೆ ಅಡಕವಾಗಿರುವ ಚಿತ್ರವನ್ನೂ ಧ್ವನಿಯನ್ನೂ ಬಿಡಿಸುತ್ತದೆ, ಇದನ್ನೇ ಡಿಕೋಡ್‌ ಮಾಡುವುದು ಎನ್ನುತ್ತಾರೆ. ಕೊನೆಗೆ ಬಿಡಿಸಿದ ಚಿತ್ರವನ್ನು ಸರಿಯಾದ ಬಣ್ಣದಲ್ಲಿ, ಸರಿಯಾದ ಕ್ಷಣಕ್ಕೆ ಪರದೆಯ ಮೇಲೆ ಮೂಡಿಸುತ್ತದೆ. ಎಂಪಿ4 ಫೈಲು ಒಂದು ಕಂಪ್ಯೂಟರಿನಲ್ಲಿ ಓಡಿ ಇನ್ನೊಂದರಲ್ಲಿ ಓಡದಿರುವುದಕ್ಕೆ ಡಬ್ಬಿ ಕಾರಣವಾಗಿರುವುದು ಅಪರೂಪ, ಒಳಗಿರುವ ಕೋಡೆಕ್‌ ಕಾರಣವಾಗಿರುವುದೇ ಹೆಚ್ಚು. ಒಂದೇ ಎಂಪಿ4 ಡಬ್ಬಿಯಲ್ಲಿ 2003ರ ಎಚ್‌.264 ಇರಬಹುದು, 2013ರ ಎಚ್‌ಇವಿಸಿ ಇರಬಹುದು, 2018ರ ಎವಿ1 ಕೂಡ ಇರಬಹುದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ರೀತಿ ಕಾಣುತ್ತವೆ.

ಇಲ್ಲಿ ಹೆಚ್ಚಿನ ಬಳಕೆದಾರರಿಗೆ ತಿಳಿಯದ ಒಂದು ಸಂಗತಿಯಿದೆ. ವಿಎಲ್‌ಸಿ, ಎಂಪಿವಿ, ಎಂಪಿಸಿ-ಎಚ್‌ಸಿ ಎಂಬ ಮೂರು ಹೆಸರಾಂತ ಪ್ಲೇಯರುಗಳು ನೋಡುವುದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಇದ್ದರೂ, ಡಿಕೋಡ್‌ ಮಾಡುವ ಕೆಲಸಕ್ಕೆ ಮೂರೂ ಬಹುಮಟ್ಟಿಗೆ ಅವಲಂಬಿಸಿರುವುದು ಎಫ್‌ಎಫ್‌ಎಂಪೆಗ್‌ ಎಂಬ ಒಂದೇ ಮುಕ್ತ ತಂತ್ರಾಂಶವನ್ನು. ಫ್ಯಾಬ್ರಿಸ್‌ ಬೆಲ್ಲಾರ್ಡ್‌ 2000ದಲ್ಲಿ ಆರಂಭಿಸಿದ ಈ ಯೋಜನೆ ಇಂದು ವಿಡಿಯೊ ಜಗತ್ತಿನ ಅಡಿಗಲ್ಲಿನಂತಿದೆ. ಆದ್ದರಿಂದ ಈ ಮೂರೂ ಒಂದು ಫೈಲನ್ನು ಚೆನ್ನಾಗಿ ತೋರಿಸಿದವು ಎಂದರೆ ಮೂವರು ಸಾಕ್ಷಿಗಳು ಒಪ್ಪಿದಂತೆ ಆಗುವುದಿಲ್ಲ. ಒಬ್ಬನೇ ಸಾಕ್ಷಿ ಮೂರು ಸಲ ಒಪ್ಪಿದ ಹಾಗೆ ಅಷ್ಟೆ. ಅವುಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಎಳೆಗಳನ್ನು ಬೇರ್ಪಡಿಸುವ ವಿಧಾನದಲ್ಲಿ, ಅದಕ್ಕಿಂತ ಮುಖ್ಯವಾಗಿ ಚಿತ್ರವನ್ನು ಪರದೆಗೆ ತರುವ ವಿಧಾನದಲ್ಲಿ. ಆಪರೇಟಿಂಗ್‌ ಸಿಸ್ಟಮ್‌ ಜೊತೆಗೇ ಬರುವ ಪ್ಲೇಯರುಗಳ ದಾರಿ ಬೇರೆ. ವಿಂಡೋಸ್‌ನ ಮೀಡಿಯಾ ಪ್ಲೇಯರ್‌ ಡಿಕೋಡ್‌ ಮಾಡಲು ಆ ಸಿಸ್ಟಮ್‌ನ ಮೀಡಿಯಾ ಫೌಂಡೇಷನ್‌ ಎಂಬ ವ್ಯವಸ್ಥೆಯನ್ನೂ, ಮ್ಯಾಕ್‌ನ ಕ್ವಿಕ್‌ಟೈಮ್‌ ಪ್ಲೇಯರ್‌ ಆಪಲ್‌ನ ಸ್ವಂತ ಎವಿಫೌಂಡೇಷನ್ನನ್ನೂ ಬಳಸುತ್ತವೆ. ಸಾಕ್ಷಿಯಾಗಿ ಇವುಗಳಿಗೆ ಬೆಲೆ ಬರುವುದೇ ಈ ಕಾರಣದಿಂದ.

ಸಿಸ್ಟಮ್‌ ಜೊತೆಗೆ ಬಂದ ಪ್ಲೇಯರನ್ನು ತೆಗೆಯಬೇಡಿ

ವಿಎಲ್‌ಸಿ ಹಾಕಿಕೊಂಡ ಮೇಲೆ ಸಿಸ್ಟಮ್‌ನ ಪ್ಲೇಯರನ್ನು ಮರೆತುಬಿಡುವುದು ಸಾಮಾನ್ಯ. ಅದು ಕೆಲವನ್ನು ತೆರೆಯುವುದಿಲ್ಲ ಎಂಬ ದೂರು ನಿಜವೇ. ಕ್ವಿಕ್‌ಟೈಮ್‌ ಪ್ಲೇಯರ್‌ ಎಂಕೆವಿಯನ್ನು ತೆರೆಯುವುದಿಲ್ಲ. ವಿಂಡೋಸ್‌ 2015ರಿಂದ ಎಂಕೆವಿಯನ್ನು ತೆರೆಯುತ್ತದೆಯಾದರೂ ಹಲವು ಕಂಪ್ಯೂಟರುಗಳಲ್ಲಿ ಎಚ್‌ಇವಿಸಿಗೆ ಪ್ರತ್ಯೇಕ ವಿಸ್ತರಣೆಯನ್ನು ಮೈಕ್ರೋಸಾಫ್ಟ್‌ ಸ್ಟೋರಿನಿಂದ ತಂದು ಹಾಕಬೇಕಾಗುತ್ತದೆ. ಡಿವಿಡಿ ಓಡಿಸುವ ಸೌಲಭ್ಯವನ್ನು ವಿಂಡೋಸ್‌ 8ರಿಂದಲೇ ಮೂಲ ಸಿಸ್ಟಮ್‌ನಿಂದ ತೆಗೆಯಲಾಗಿದೆ.

ಆದರೆ ಈ ಕಟ್ಟುನಿಟ್ಟೇ ಅದರ ಗುಣ. ನೀವು ಮಾಡಿದ ವಿಡಿಯೊವನ್ನು ಇನ್ನೊಬ್ಬರಿಗೆ ಕಳಿಸಬೇಕಾದಾಗ, ಅವರ ಕಂಪ್ಯೂಟರಿನಲ್ಲಿ ಏನಿದೆ ಎಂಬುದು ನಿಮಗೆ ಗೊತ್ತಿರುವುದಿಲ್ಲ. ಬಹುಶಃ ಸಿಸ್ಟಮ್‌ನ ಪ್ಲೇಯರೇ ಇರುತ್ತದೆ. ಅದರಲ್ಲಿ ಓಡಿದ ಫೈಲು ಉಳಿದೆಡೆಯೂ ಓಡುವ ಸಂಭವ ಹೆಚ್ಚು. ಎಲ್ಲವನ್ನೂ ಉದಾರವಾಗಿ ತೆರೆಯುವ ಪ್ಲೇಯರು ಫೈಲಿನ ದೋಷಗಳನ್ನು ಮುಚ್ಚಿಡುತ್ತದೆ. ಸಮಯದ ಗುರುತುಗಳು ತಪ್ಪಿದ್ದರೆ ತಾನೇ ಹೊಂದಿಸಿಕೊಳ್ಳುತ್ತದೆ, ಎವಿಐ ಫೈಲಿನ ಸೂಚಿ ಮುರಿದಿದ್ದರೆ ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ನೋಡುವವನಿಗೆ ಇದು ವರ, ಮಾಡಿ ಕಳಿಸುವವನಿಗೆ ಅಪಾಯ. ವಿಡಿಯೊ ತಯಾರಿಸುವ ಕೆಲಸ ಮಾಡುವ ಪ್ರತಿಯೊಬ್ಬರೂ ಕೊನೆಯ ಪರೀಕ್ಷೆಯನ್ನು ಸಿಸ್ಟಮ್‌ನ ಪ್ಲೇಯರಿನಲ್ಲೇ ಮಾಡಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಇನ್ನೊಂದು ಅನುಕೂಲ ಬ್ಯಾಟರಿಯದು. ಸಿಸ್ಟಮ್‌ನ ಪ್ಲೇಯರುಗಳು ಚಿತ್ರ ಬಿಡಿಸುವ ಕೆಲಸವನ್ನು ಸಾಧ್ಯವಾದಾಗಲೆಲ್ಲ ಗ್ರಾಫಿಕ್ಸ್‌ ಚಿಪ್‌ಗೆ ಒಪ್ಪಿಸುತ್ತವೆ; ಲ್ಯಾಪ್‌ಟಾಪನ್ನು ಚಾರ್ಜರ್‌ ಇಲ್ಲದೆ ಬಳಸುವವರಿಗೆ ಇದು ಸಣ್ಣ ಲಾಭವಲ್ಲ.

ಜೊತೆಗೆ ಯಾವುದು: ವಿಎಲ್‌ಸಿ, ಎಂಪಿಸಿ-ಎಚ್‌ಸಿ, ಎಂಪಿವಿ

ವಿಎಲ್‌ಸಿ 1996ರಲ್ಲಿ ಪ್ಯಾರಿಸ್ಸಿನ ಎಕೋಲ್‌ ಸಾಂತ್ರಾಲ್‌ ಸಂಸ್ಥೆಯ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿತು. ಕ್ಯಾಂಪಸ್‌ನ ನೆಟ್‌ವರ್ಕ್‌ ಮೂಲಕ ವಿಡಿಯೊ ಹರಿಸುವುದು ಅದರ ಮೊದಲ ಉದ್ದೇಶವಾಗಿತ್ತು. 2001ರಲ್ಲಿ ಅದು ಮುಕ್ತ ತಂತ್ರಾಂಶವಾಯಿತು. ಆ ಹುಟ್ಟಿನ ಗುರುತು ಇಂದಿಗೂ ಅದರಲ್ಲಿದೆ. ತುಂಡುತುಂಡಾಗಿ ಬರುವ, ನಡುವೆ ಕಳೆದುಹೋಗುವ ಮಾಹಿತಿಯನ್ನು ನಿಭಾಯಿಸುವುದು ಅದಕ್ಕೆ ಮೊದಲಿನಿಂದ ಅಭ್ಯಾಸ. ಅರ್ಧ ಡೌನ್‌ಲೋಡ್‌ ಆದ ಫೈಲು, ಗೀರು ಬಿದ್ದ ಡಿವಿಡಿ, ನೆಟ್‌ವರ್ಕ್‌ ಕ್ಯಾಮೆರಾದ ಹರಿವು ಮುಂತಾದವುಗಳಿಗೆ ಅದನ್ನು ಮೀರಿಸಿದ ಪ್ಲೇಯರನ್ನು ನಾನು ಕಂಡಿಲ್ಲ. 2018ರ ಫೆಬ್ರವರಿಯಲ್ಲಿ ಬಂದ 3.0 ಆವೃತ್ತಿಯಿಂದ ಹಾರ್ಡ್‌ವೇರ್‌ ಡಿಕೋಡಿಂಗ್‌, ಅಂದರೆ ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್‌ ಚಿಪ್‌ಗೆ ಒಪ್ಪಿಸುವುದು, ತಾನಾಗಿಯೇ ಶುರುವಾಗುತ್ತದೆ, ಟಿವಿಗೆ ಜೋಡಿಸಿದ ಕ್ರೋಮ್‌ಕಾಸ್ಟ್‌ಗೂ ಚಿತ್ರ ಕಳಿಸಬಹುದು. ವಿಂಡೋಸ್‌, ಮ್ಯಾಕ್‌, ಲಿನಕ್ಸ್‌ ಮೂರರಲ್ಲೂ ಅದು ಇದೆ. ಮನೆಯಲ್ಲಿ ಬೇರೆ ಬೇರೆ ಬಗೆಯ ಕಂಪ್ಯೂಟರುಗಳಿದ್ದರೆ ಇದೊಂದು ಅನುಕೂಲ. ಜೊತೆಗೆ ಫೈಲನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಯಿಸುವ ಸೌಲಭ್ಯವೂ ಅದರಲ್ಲಿದೆ, ಆದರೆ ಆ ಕೆಲಸಕ್ಕೆಂದೇ ಇರುವ ಬೇರೆ ಸಾಧನಗಳು ಹೆಚ್ಚು ನಂಬಿಕೆಗೆ ಅರ್ಹ.

ಅದರ ದೌರ್ಬಲ್ಯ ಸೂಕ್ಷ್ಮ ಕೆಲಸದಲ್ಲಿ ಕಾಣುತ್ತದೆ. 3.0 ಸರಣಿಯಲ್ಲಿ ‘ಇ’ ಕೀಲಿ ಒತ್ತಿದರೆ ಚಿತ್ರ ಒಂದೊಂದೇ ಫ್ರೇಮ್‌ (ವಿಡಿಯೊದ ಒಂದು ಬಿಡಿ ಚಿತ್ರ) ಮುಂದಕ್ಕೆ ಹೋಗುತ್ತದೆ. ಹಿಂದಕ್ಕೆ ಒಂದು ಫ್ರೇಮ್‌ ಬರುವ ಕೀಲಿ ಇಲ್ಲ. ದೊಡ್ಡ ಎಚ್‌ಇವಿಸಿ ಫೈಲಿನಲ್ಲಿ ಥಟ್ಟನೆ ಮುಂದಕ್ಕೆ ಜಿಗಿದಾಗ ಕೆಲವೊಮ್ಮೆ ಒಂದೆರಡು ಕ್ಷಣ ಚಿತ್ರ ಬೂದು ಬಣ್ಣದ ತೇಪೆಗಳಾಗಿ ಕಂಡು ಆಮೇಲೆ ಸರಿಹೋಗುತ್ತದೆ. ಇದನ್ನು ಕಂಡು ಫೈಲೇ ಕೆಟ್ಟಿದೆಯೆಂದು ಭಾವಿಸಿ ಅಳಿಸಿದವರಿದ್ದಾರೆ. ಅಳಿಸುವ ಮೊದಲು ಎರಡನೆಯ ಪ್ಲೇಯರಿನಲ್ಲಿ ಅದೇ ಜಾಗವನ್ನು ನೋಡಬೇಕು.

ಎಂಪಿಸಿ-ಎಚ್‌ಸಿ ವಿಂಡೋಸ್‌ಗೆ ಮಾತ್ರ ಸೀಮಿತ. 2003ರಲ್ಲಿ ಗೇಬೆಸ್ಟ್‌ ಎಂಬ ಹೆಸರಿನಿಂದ ಬರೆಯುತ್ತಿದ್ದ ತಂತ್ರಜ್ಞರು ತಂದ ಮೀಡಿಯಾ ಪ್ಲೇಯರ್‌ ಕ್ಲಾಸಿಕ್‌ ಎಂಬ ಸರಳ ಪ್ಲೇಯರಿನ ಮುಂದುವರಿದ ರೂಪವಿದು. ಮೂಲ ತಂಡ 2017ರ ಜುಲೈಯಲ್ಲಿ 1.7.13 ಆವೃತ್ತಿಯೊಂದಿಗೆ ಕೆಲಸ ನಿಲ್ಲಿಸಿತು. ಅಂತರ್ಜಾಲದ ಹಳೆಯ ಲೇಖನಗಳು ಇಂದಿಗೂ ಆ ಆವೃತ್ತಿಗೇ ಕೈತೋರಿಸುತ್ತವೆ, ಹಾಗೆ ಹಾಕಿಕೊಂಡವರು ವರ್ಷಗಟ್ಟಲೆ ಹಳೆಯದಾದ ತಂತ್ರಾಂಶವನ್ನು ಬಳಸುತ್ತಿರುತ್ತಾರೆ. ಅದೇ ಸಂಕೇತದ (ಸೋರ್ಸ್‌ ಕೋಡ್‌) ಮೇಲೆ ಕ್ಲಿಸಿಡ್‌2 ಎಂಬ ಹೆಸರಿನ ನಿರ್ವಾಹಕರು ಮುಂದುವರಿಸಿರುವ ಶಾಖೆಯೇ ಇಂದು ಬಳಕೆಗೆ ತಕ್ಕದ್ದು. ಆವೃತ್ತಿಯ ಅಂಕಿ 2ರಿಂದ ಆರಂಭವಾಗಿದ್ದರೆ ಅದು ಹೊಸ ಶಾಖೆಯೆಂದು ತಿಳಿಯಬಹುದು. ಈ ಪ್ಲೇಯರು ಹಗುರವಾಗಿದೆ, ಹಳೆಯ ಕಂಪ್ಯೂಟರಿನಲ್ಲೂ ಕ್ಷಣದಲ್ಲಿ ತೆರೆದುಕೊಳ್ಳುತ್ತದೆ, ಕಂಟ್ರೋಲ್‌ ಕೀಲಿಯ ಜೊತೆಗೆ ಬಾಣದ ಕೀಲಿ ಒತ್ತಿದರೆ ಮುಂದಕ್ಕೂ ಹಿಂದಕ್ಕೂ ಒಂದೊಂದೇ ಫ್ರೇಮ್‌ ಚಲಿಸುತ್ತದೆ. ಎಲ್‌ಎವಿ ಫಿಲ್ಟರ್ಸ್‌ ಎಂಬ ಡಿಕೋಡರ್‌ಗಳ ಗುಂಪು ಅದರೊಳಗೇ ಅಡಕವಾಗಿರುವುದರಿಂದ ಹೊರಗಿನಿಂದ ಏನನ್ನೂ ತರಬೇಕಿಲ್ಲ.

ಎಂಪಿವಿಯ ಬೇರು ಎಂಪ್ಲೇಯರ್‌ನಲ್ಲಿದೆ. 2000ದಲ್ಲಿ ಆರಂಭವಾದ ಆ ಹಳೆಯ ಪ್ಲೇಯರಿನ ಸಂಕೇತವನ್ನು ಕೆಲವರು ಸ್ವಚ್ಛಗೊಳಿಸಿ ಹೊಸ ದಾರಿ ಹಿಡಿದರು, 2013ರ ಹೊತ್ತಿಗೆ ಎಂಪಿವಿ ಸ್ವತಂತ್ರವಾಗಿ ನಿಂತಿತು. ತೆರೆದರೆ ಮೆನು ಪಟ್ಟಿಯಾಗಲಿ, ಸೆಟ್ಟಿಂಗ್‌ ಕಿಟಕಿಯಾಗಲಿ ಕಾಣುವುದಿಲ್ಲ; ಫೈಲನ್ನು ಎಳೆದು ಅದರ ಮೇಲೆ ಬಿಡಬೇಕು, ಉಳಿದದ್ದೆಲ್ಲ ಕೀಲಿಗಳಿಂದ. ಬೇಕಾದ ಬದಲಾವಣೆಗಳನ್ನು ಒಂದು ಪಠ್ಯ ಫೈಲಿನಲ್ಲಿ ಬರೆದಿಡಬೇಕು. ಇದು ಮೊದಲ ವಾರ ಕಷ್ಟವೆನಿಸುತ್ತದೆ. ಆದರೆ ಕೀಲಿಗಳು ಬೆರಳಿಗೆ ರೂಢಿಯಾದ ಮೇಲೆ ಅಷ್ಟು ಚುರುಕಾದ ಪ್ಲೇಯರು ಮತ್ತೊಂದಿಲ್ಲವೆಂದು ಅನುಭವದಿಂದ ಹೇಳಬಲ್ಲೆ. ಚುಕ್ಕೆಯ ಕೀಲಿ ಒತ್ತಿದರೆ ಒಂದು ಫ್ರೇಮ್‌ ಮುಂದೆ, ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್‌ ಹಿಂದೆ. ಚೌಕ ಆವರಣದ ಎರಡು ಕೀಲಿಗಳಿಂದ ವೇಗ ಕಡಿಮೆ ಹೆಚ್ಚು. ‘ಎಲ್‌’ ಕೀಲಿಯನ್ನು ಎರಡು ಜಾಗದಲ್ಲಿ ಒತ್ತಿದರೆ ಅವೆರಡರ ನಡುವಿನ ಭಾಗ ಮತ್ತೆ ಮತ್ತೆ ಓಡುತ್ತದೆ. ನೃತ್ಯದ ಹೆಜ್ಜೆಯನ್ನೋ ಆಟಗಾರರ ಚಲನೆಯನ್ನೋ ಬಿಡಿಸಿ ನೋಡುವವರಿಗೆ, ಮಾತನ್ನು ಕೇಳಿ ಬರೆದುಕೊಳ್ಳುವವರಿಗೆ ಈ ಮೂರು ಸೌಲಭ್ಯಗಳಿಂದಲೇ ಅರ್ಧ ಕೆಲಸ ಉಳಿಯುತ್ತದೆ. ಕೀಲಿಗಳ ಸಹವಾಸ ಬೇಡವೆನ್ನುವವರಿಗೆ ಅದೇ ಎಂಜಿನ್ನಿನ ಮೇಲೆ ಗುಂಡಿ, ಮೆನು ಜೋಡಿಸಿರುವ ಪ್ಲೇಯರುಗಳಿವೆ: ಮ್ಯಾಕ್‌ನಲ್ಲಿ ಐಐಎನ್‌ಎ, ಲಿನಕ್ಸ್‌ನಲ್ಲಿ ಸೆಲ್ಯುಲಾಯ್ಡ್‌ ಮತ್ತು ಹರುನಾ.

ಪಾಟ್‌ಪ್ಲೇಯರ್‌ ಕೂಡ ವಿಂಡೋಸ್‌ನಲ್ಲಿ ಜನಪ್ರಿಯ. ಸೌಲಭ್ಯಗಳು ಹೇರಳವಾಗಿವೆ, ಆದರೆ ಸಂಕೇತ ಮುಕ್ತವಲ್ಲ; ಮೇಲಿನ ಮೂರು ಇರುವಾಗ ಅದನ್ನು ಆರಿಸಲು ನನಗೆ ಕಾರಣ ಕಂಡಿಲ್ಲ. ಕೋಡಿ ಬೇರೆಯೇ ಜಾತಿಯದು. ಅದು ಟಿವಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಸಂಗ್ರಹವನ್ನೆಲ್ಲ ಜೋಡಿಸಿಡುವ ಗ್ರಂಥಾಲಯ. ಒಂದು ಫೈಲನ್ನು ತೆರೆದು ನೋಡಿ ಮುಚ್ಚುವ ಕೆಲಸಕ್ಕೆ ಅದು ಭಾರ.

ಒಂದೇ ವಿಡಿಯೊ ಎರಡರಲ್ಲಿ ಬೇರೆಯಾಗಿ ಕಾಣುವುದೇಕೆ

ಎರಡು ಪ್ಲೇಯರುಗಳನ್ನು ಅಕ್ಕಪಕ್ಕ ತೆರೆದು ಒಂದೇ ದೃಶ್ಯದಲ್ಲಿ ನಿಲ್ಲಿಸಿ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಬಣ್ಣದ ವ್ಯತ್ಯಾಸ. ಇದರ ಹಿಂದಿನ ಕಾರಣ ತಿಳಿದರೆ ಪ್ಲೇಯರು ಒಳ್ಳೆಯದು, ಕೆಟ್ಟದ್ದು ಎಂಬ ವಾದಗಳಲ್ಲಿ ಅರ್ಧ ಕರಗಿಹೋಗುತ್ತವೆ. ವಿಡಿಯೊದಲ್ಲಿ ಸಾಮಾನ್ಯವಾಗಿ ಕಪ್ಪನ್ನು 16 ಎಂಬ ಅಂಕಿಯಿಂದ, ಬಿಳಿಯನ್ನು 235 ಎಂಬ ಅಂಕಿಯಿಂದ ಗುರುತಿಸುತ್ತಾರೆ. ಕಂಪ್ಯೂಟರಿನ ಪರದೆಯಲ್ಲಾದರೆ ಕಪ್ಪು 0, ಬಿಳಿ 255. ಪ್ಲೇಯರೋ ಗ್ರಾಫಿಕ್ಸ್‌ ಡ್ರೈವರೋ ಇವೆರಡರ ನಡುವೆ ಹಿಗ್ಗಿಸಿ ಹೊಂದಿಸಬೇಕು. ಹೊಂದಿಸದಿದ್ದರೆ 16 ಎಂಬುದು 16 ಆಗಿಯೇ ಪರದೆಗೆ ಬಂದು, ರಾತ್ರಿಯ ದೃಶ್ಯದ ಕಪ್ಪು ಮಸಿ ಬೂದಿಯಂತೆ ಕಾಣುತ್ತದೆ. ಎರಡು ಸಲ ಹಿಗ್ಗಿಸಿದರೆ ಅದಕ್ಕೆ ವಿರುದ್ಧ: ಕತ್ತಲಲ್ಲಿರುವ ಮುಖಗಳ ವಿವರ ಮುಳುಗಿಹೋಗುತ್ತದೆ. ಗ್ರಾಫಿಕ್ಸ್‌ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಪೂರ್ಣ ವ್ಯಾಪ್ತಿ, ಸೀಮಿತ ವ್ಯಾಪ್ತಿ ಎಂಬ ಆಯ್ಕೆ ಇರುತ್ತದೆ. ವಿಎಲ್‌ಸಿಯಲ್ಲಿ ಚಿತ್ರ ಮಂಕಾಗಿ ಕಂಡು ಎಂಪಿವಿಯಲ್ಲಿ ಸರಿಯಾಗಿ ಕಂಡರೆ ಮೊದಲು ನೋಡಬೇಕಾದ ಜಾಗ ಅದು.

ಎಚ್‌ಡಿಆರ್‌ ವಿಡಿಯೊ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಹೆಚ್ಚು ಬೆಳಕಿನ ಪರದೆಗಾಗಿ ತಯಾರಾದ ಚಿತ್ರವನ್ನು ಸಾಧಾರಣ ಪರದೆಗೆ ಇಳಿಸುವಾಗ ಬೆಳಕನ್ನು ಲೆಕ್ಕ ಹಾಕಿ ಕುಗ್ಗಿಸಬೇಕಾಗುತ್ತದೆ. ಈ ಲೆಕ್ಕ ಇಲ್ಲದ ಪ್ಲೇಯರಿನಲ್ಲಿ ಚಿತ್ರ ಬಿಸಿಲಿಗೆ ಬಣ್ಣ ಹೋದ ಬಟ್ಟೆಯಂತೆ ಕಾಣುತ್ತದೆ. ಈ ಕೆಲಸದಲ್ಲಿ ಎಂಪಿವಿ ಮುಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿರುವ ಲಿಬ್‌ಪ್ಲಾಸಿಬೊ ಎಂಬ ಚಿತ್ರ ಸಂಸ್ಕರಣೆಯ ಭಾಗ ಇದಕ್ಕಾಗಿಯೇ ಶ್ರಮವಹಿಸಿ ರೂಪಿಸಿದ್ದು.

ಚಲನೆಯ ನಯದಲ್ಲೂ ಅಂತರವಿದೆ. ಸೆಕೆಂಡಿಗೆ 24 ಫ್ರೇಮ್‌ ಇರುವ ಚಿತ್ರವನ್ನು ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ತೋರಿಸುವಾಗ ಒಂದು ಫ್ರೇಮ್‌ ಎರಡು ಸಲ, ಮುಂದಿನದು ಮೂರು ಸಲ ಬರುತ್ತದೆ. ಕ್ಯಾಮೆರಾ ನಿಧಾನವಾಗಿ ಅಡ್ಡಕ್ಕೆ ಸರಿಯುವ ದೃಶ್ಯದಲ್ಲಿ ಈ ಏರುಪೇರು ಸಣ್ಣ ತೊದಲಿನಂತೆ ಕಾಣುತ್ತದೆ. ಎಂಪಿವಿಯಲ್ಲಿ ಪರದೆಯ ಲಯಕ್ಕೆ ವಿಡಿಯೊವನ್ನು ಹೊಂದಿಸುವ ಆಯ್ಕೆಯಿದೆ, ಅದನ್ನು ಶುರು ಮಾಡಿದರೆ ಇದು ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ಫ್ಯಾನ್‌ ಜೋರಾಗಿ ತಿರುಗಿ ಚಿತ್ರ ತಡೆತಡೆದು ಬರುವ ದೂರು. ಇಲ್ಲಿ ಪರೀಕ್ಷೆ ಸುಲಭ. ವಿಂಡೋಸ್‌ನಲ್ಲಿ ಟಾಸ್ಕ್‌ ಮ್ಯಾನೇಜರ್‌ ತೆರೆದು ಪರ್ಫಾರ್ಮೆನ್ಸ್‌ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್‌ ಚಿಪ್‌) ಆರಿಸಿಕೊಂಡು, ವಿಡಿಯೊ ಓಡುತ್ತಿರುವಾಗ ವಿಡಿಯೊ ಡಿಕೋಡ್‌ ಎಂಬ ರೇಖೆಯನ್ನು ಗಮನಿಸಬೇಕು. ರೇಖೆ ಏರಿದ್ದರೆ ಗ್ರಾಫಿಕ್ಸ್‌ ಚಿಪ್‌ ಕೆಲಸ ಮಾಡುತ್ತಿದೆ. ನೆಲಕ್ಕಂಟಿದ್ದರೆ ಎಲ್ಲ ಹೊರೆಯೂ ಪ್ರೊಸೆಸರಿನ ಮೇಲೆ ಬಿದ್ದಿದೆ. ಎಂಪಿವಿ ಹಾರ್ಡ್‌ವೇರ್‌ ಡಿಕೋಡಿಂಗನ್ನು ತಾನಾಗಿ ಶುರು ಮಾಡುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಕಂಟ್ರೋಲ್‌ ಜೊತೆಗೆ ‘ಎಚ್‌’ ಒತ್ತಿದರೆ ಅದು ಬದಲಾಗುತ್ತದೆ, ‘ಐ’ ಒತ್ತಿದರೆ ಯಾವ ಡಿಕೋಡರ್‌ ನಡೆಯುತ್ತಿದೆ, ಎಷ್ಟು ಫ್ರೇಮ್‌ ತಪ್ಪಿಹೋಗಿವೆ ಎಂಬ ವಿವರ ಪರದೆಯ ಮೇಲೇ ಮೂಡುತ್ತದೆ. ಎರಡು ಪ್ಲೇಯರಿನಲ್ಲೂ ರೇಖೆ ಏಳದಿದ್ದರೆ ತೊಂದರೆ ಪ್ಲೇಯರಿನದಲ್ಲ, ಆ ಕೋಡೆಕನ್ನು ಬಿಡಿಸುವ ವ್ಯವಸ್ಥೆಯೇ ಚಿಪ್‌ನಲ್ಲಿಲ್ಲ. ಎವಿ1 ಬಿಡಿಸುವ ಸಾಮರ್ಥ್ಯ ಕಂಪ್ಯೂಟರಿನ ಗ್ರಾಫಿಕ್ಸ್‌ ಚಿಪ್‌ಗಳಿಗೆ ಬಂದದ್ದು ಸುಮಾರು 2020ರಿಂದ ಈಚೆಗೆ. 10 ಬಿಟ್ಟಿನ ಎಚ್‌.264 ಅನ್ನು ಬಹುಪಾಲು ಚಿಪ್‌ಗಳು ಎಂದೂ ಬೆಂಬಲಿಸಲೇ ಇಲ್ಲ.

ಸಬ್‌ಟೈಟಲ್‌ ಓದುವವರ ದೃಷ್ಟಿಯಿಂದ

ಸಬ್‌ಟೈಟಲ್‌ ಇಟ್ಟುಕೊಂಡು ನೋಡುವವರಿಗೆ ಎರಡನೆಯ ಪ್ಲೇಯರಿನ ಅಗತ್ಯ ಎಲ್ಲರಿಗಿಂತ ಹೆಚ್ಚು. ಕನ್ನಡದಂತೆ ಒತ್ತಕ್ಷರಗಳಿರುವ ಲಿಪಿಯಲ್ಲಿ ತೊಂದರೆ ಮೂರು ಬಗೆಯಾಗಿ ಬರುತ್ತದೆ, ಮೂರಕ್ಕೂ ಕಾರಣ ಬೇರೆ. ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ, ಪ್ಲೇಯರು ಆರಿಸಿಕೊಂಡ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ; ಸೆಟ್ಟಿಂಗ್‌ನಲ್ಲಿ ಕನ್ನಡ ಇರುವ ಫಾಂಟನ್ನು ಆರಿಸಬೇಕು. ಅರ್ಥವಿಲ್ಲದ ರೋಮನ್‌ ಅಕ್ಷರಗಳು, ಚಿಹ್ನೆಗಳು ಕಂಡರೆ ಫೈಲು ಯಾವ ಎನ್‌ಕೋಡಿಂಗ್‌ನಲ್ಲಿದೆ (ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡುವ ಪದ್ಧತಿ ಯಾವುದು) ಎಂಬುದನ್ನು ಪ್ಲೇಯರು ತಪ್ಪಾಗಿ ಊಹಿಸಿದೆ; ಫೈಲನ್ನು ನೋಟ್‌ಪ್ಯಾಡ್‌ನಂಥ ಸಾಧನದಲ್ಲಿ ತೆರೆದು ಯುಟಿಎಫ್‌-8 ರೂಪದಲ್ಲಿ ಉಳಿಸಿದರೆ ಸರಿಹೋಗುತ್ತದೆ. ಅಕ್ಷರಗಳು ಬಂದರೂ ಒತ್ತುಗಳು ಕೆಳಗೆ ಕೂರದೆ ಅರ್ಧಚಂದ್ರ ಹೊತ್ತು ಪಕ್ಕದಲ್ಲಿ ನಿಂತರೆ, ಅಕ್ಷರಗಳನ್ನು ಕೂಡಿಸುವ ಕೆಲಸವನ್ನು ಪ್ಲೇಯರು ಮಾಡುತ್ತಿಲ್ಲ. ಅದಕ್ಕೆ ಪ್ಲೇಯರನ್ನು ಬದಲಾಯಿಸುವುದೇ ದಾರಿ. ಎಂಪಿವಿ ಬಳಸುವ ಲಿಬ್‌ಆಸ್‌ ಎಂಬ ಭಾಗ ಈ ಜೋಡಣೆಗೆ ಹಾರ್ಫ್‌ಬಜ್‌ ಎಂಬ ಸಾಧನವನ್ನು ಬಳಸುತ್ತದೆ. ಸರಿಯಾದ ಫಾಂಟ್‌ ಸಿಕ್ಕಿದರೆ ಅದರಲ್ಲಿ ‘ಸ್ವಾತಂತ್ರ್ಯ’ ಎಂಬಂಥ ಪದವೂ ತಪ್ಪಿಲ್ಲದೆ ಮೂಡುತ್ತದೆ.

ಸಮಯ ಹೊಂದಿಸುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಾತ್ರ ಬಾಯಿ ತೆರೆಯುವ ಎರಡು ಸೆಕೆಂಡ್‌ ಮುಂಚೆಯೇ ಅಕ್ಷರ ಬರುತ್ತಿದೆ ಎನ್ನಿ. ವಿಎಲ್‌ಸಿಯಲ್ಲಿ ‘ಎಚ್‌’ ಕೀಲಿಯನ್ನು ಒಮ್ಮೆ ಒತ್ತಿದರೆ ಅಕ್ಷರ 50 ಮಿಲಿಸೆಕೆಂಡ್‌ ತಡವಾಗುತ್ತದೆ. ‘ಜಿ’ ಒತ್ತಿದರೆ ಅಷ್ಟೇ ಬೇಗವಾಗುತ್ತದೆ. ಎರಡು ಸೆಕೆಂಡಿಗೆ ನಲವತ್ತು ಸಲ ಒತ್ತಬೇಕು. ಎಂಪಿವಿಯಲ್ಲಿ ‘ಜೆಡ್‌’ ಕೀಲಿಯನ್ನು ಶಿಫ್ಟ್‌ ಜೊತೆಗೆ ಒತ್ತಿದಾಗ ಒಂದು ಸಲಕ್ಕೆ 100 ಮಿಲಿಸೆಕೆಂಡ್‌ ಸರಿಯುವುದರಿಂದ ಇಪ್ಪತ್ತು ಸಲ ಸಾಕು. ಹೀಗೆ ಹೊಂದಿಸಿದ ಮೇಲೂ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಅಂತರ ಬೆಳೆದಿದ್ದರೆ, ಸಬ್‌ಟೈಟಲ್‌ ಬೇರೆ ವೇಗದ ಪ್ರತಿಗಾಗಿ ತಯಾರಾದದ್ದು ಎಂದರ್ಥ. ಸೆಕೆಂಡಿಗೆ 25 ಫ್ರೇಮಿನ ಪ್ರತಿಗೆ ಮಾಡಿದ ಸಬ್‌ಟೈಟಲನ್ನು 23.976 ಫ್ರೇಮಿನ ಪ್ರತಿಗೆ ಜೋಡಿಸಿದರೆ ಗಂಟೆಗೆ ಸುಮಾರು ಎರಡೂವರೆ ನಿಮಿಷದ ಅಂತರ ಬೀಳುತ್ತದೆ. ಆಗ ಎಷ್ಟು ಸಲ ಕೀಲಿ ಒತ್ತಿದರೂ ಪ್ರಯೋಜನವಿಲ್ಲ. ವಿಎಲ್‌ಸಿಯ ಟ್ರ್ಯಾಕ್‌ ಸಿಂಕ್ರನೈಸೇಷನ್‌ ಕಿಟಕಿಯಲ್ಲಿ ಸಬ್‌ಟೈಟಲ್‌ ವೇಗವನ್ನೇ ಬದಲಾಯಿಸಬೇಕು. ಇಂಥ ಕೆಲಸಕ್ಕೆ ಕಿಟಕಿ, ಗುಂಡಿಗಳಿರುವ ವಿಎಲ್‌ಸಿಯೇ ಹೊಸಬರಿಗೆ ಸುಲಭ.

ಎರಡು ಇದ್ದರೆ ತೊಂದರೆಯಾಗುತ್ತದೆಯೇ

ಒಂದಕ್ಕಿಂತ ಹೆಚ್ಚು ಪ್ಲೇಯರ್‌ ಹಾಕಿದರೆ ಅವು ಪರಸ್ಪರ ಕಚ್ಚಾಡುತ್ತವೆ, ಕಂಪ್ಯೂಟರು ನಿಧಾನವಾಗುತ್ತದೆ ಎಂಬ ಭಯ ಹಲವರಲ್ಲಿದೆ. ಈ ಭಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. ಕೋಡೆಕ್‌ಗಳನ್ನು ಗಂಟು ಕಟ್ಟಿ ವಿಂಡೋಸ್‌ಗೆ ತುಂಬುವ ಕೋಡೆಕ್‌ ಪ್ಯಾಕ್‌ಗಳ ಕಾಲವದು. ಡೈರೆಕ್ಟ್‌ಶೋ ಎಂಬ ವ್ಯವಸ್ಥೆಯಲ್ಲಿ ಈ ಡಿಕೋಡರ್‌ಗಳು ಸಿಸ್ಟಮ್‌ನಲ್ಲೇ ನೋಂದಣಿಯಾಗುತ್ತಿದ್ದವು. ಎರಡು ಪ್ಯಾಕ್‌ ಹಾಕಿದರೆ ಯಾವ ಫೈಲನ್ನು ಯಾವ ಡಿಕೋಡರ್‌ ಎತ್ತಿಕೊಳ್ಳುತ್ತದೆ ಎಂಬುದು ಗೊಂದಲವಾಗಿ, ಒಂದನ್ನು ತೆಗೆದರೆ ಇನ್ನೊಂದೂ ಕೆಡುತ್ತಿತ್ತು. ವಿಎಲ್‌ಸಿ, ಎಂಪಿವಿ, ಇಂದಿನ ಎಂಪಿಸಿ-ಎಚ್‌ಸಿ ತಮ್ಮ ಡಿಕೋಡರ್‌ಗಳನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ, ಸಿಸ್ಟಮ್‌ನ ವ್ಯವಸ್ಥೆಯನ್ನು ಮುಟ್ಟುವುದಿಲ್ಲ. ಮುಚ್ಚಿದ ಪ್ಲೇಯರು ಮೆಮೊರಿಯನ್ನೂ ತಿನ್ನುವುದಿಲ್ಲ, ಪ್ರೊಸೆಸರನ್ನೂ ಬಳಸುವುದಿಲ್ಲ; ಡಿಸ್ಕಿನಲ್ಲಿ ಅವು ಹಿಡಿಯುವ ಜಾಗ ಒಂದು ಸಾಧಾರಣ ಸಿನಿಮಾ ಫೈಲಿಗಿಂತ ಕಡಿಮೆ. ಆದ್ದರಿಂದ ಎರಡು ಪ್ಲೇಯರ್‌ ಇಟ್ಟುಕೊಳ್ಳಲು ಹಿಂಜರಿಯಬೇಕಿಲ್ಲ, ಆದರೆ ಕೋಡೆಕ್‌ ಪ್ಯಾಕ್‌ ಬೇಕಾಗಿಲ್ಲ. ಯಾವುದಾದರೂ ವಿಡಿಯೊ ತೆರೆದಾಗ ವಿಶೇಷ ಕೋಡೆಕ್‌ ಡೌನ್‌ಲೋಡ್‌ ಮಾಡಿಕೊಳ್ಳಿ ಎಂದು ಅಪರಿಚಿತ ಜಾಲತಾಣಕ್ಕೆ ಕರೆದೊಯ್ದರೆ, ಅದು ವೈರಸ್‌ ಹಂಚುವವರ ಹಳೆಯ ಉಪಾಯವೆಂದೇ ತಿಳಿಯಬೇಕು.

ನಿಜವಾದ ಹೊರೆ ಇರುವುದು ಅಪ್‌ಡೇಟ್‌ನಲ್ಲಿ. ಪ್ಲೇಯರು ಹೊರಗಿನಿಂದ ಬಂದ ಫೈಲನ್ನು ಬಿಚ್ಚಿ ಓದುವ ತಂತ್ರಾಂಶ. ಅದರಲ್ಲಿ ದೋಷವಿದ್ದರೆ ಫೈಲಿನ ಮೂಲಕವೇ ಕಂಪ್ಯೂಟರಿನೊಳಗೆ ನುಗ್ಗಬಹುದು. 2017ರ ಮೇ ತಿಂಗಳಲ್ಲಿ ಚೆಕ್‌ ಪಾಯಿಂಟ್‌ ಸಂಸ್ಥೆಯ ಸಂಶೋಧಕರು ಸಬ್‌ಟೈಟಲ್‌ ಫೈಲಿನ ಮೂಲಕವೇ ಇಂಥ ದಾಳಿ ಸಾಧ್ಯವೆಂದು ತೋರಿಸಿದರು. ವಿಎಲ್‌ಸಿ, ಕೋಡಿ ಮುಂತಾದ ಪ್ಲೇಯರುಗಳು ಅದಕ್ಕೆ ತುತ್ತಾಗಬಹುದಿತ್ತು, ಆಮೇಲೆ ತಿದ್ದುಪಡಿಗಳು ಬಂದವು. ತಿದ್ದುಪಡಿ ಬಂದದ್ದು ಅಪ್‌ಡೇಟ್‌ ಮಾಡಿಕೊಂಡವರಿಗೆ ಮಾತ್ರ. 2016ರಲ್ಲಿ ಆಪಲ್‌ ವಿಂಡೋಸ್‌ಗಾಗಿ ಇದ್ದ ಕ್ವಿಕ್‌ಟೈಮ್‌ಗೆ ಬೆಂಬಲ ನಿಲ್ಲಿಸಿದಾಗ, ಅದರಲ್ಲಿ ತಿದ್ದದೆ ಉಳಿದ ದೋಷಗಳಿದ್ದುದರಿಂದ ಅದನ್ನು ತೆಗೆದುಹಾಕುವಂತೆ ಅಮೆರಿಕದ ಸರ್ಕಾರಿ ಸೈಬರ್‌ ಸುರಕ್ಷತಾ ಸಂಸ್ಥೆಯೇ ಏಪ್ರಿಲ್‌ನಲ್ಲಿ ಸೂಚಿಸಿತು. ಹಳೆಯ ವಿಂಡೋಸ್‌ ಕಂಪ್ಯೂಟರಿನಲ್ಲಿ ಅದು ಇನ್ನೂ ಉಳಿದಿದ್ದರೆ ಇಂದೇ ತೆಗೆಯಿರಿ. ವಿಎಲ್‌ಸಿ ಹೊಸ ಆವೃತ್ತಿ ಬಂದಾಗ ತಾನೇ ತಿಳಿಸುತ್ತದೆ. ಎಂಪಿವಿ ಲಿನಕ್ಸ್‌ನಲ್ಲಿ ಸಿಸ್ಟಮ್‌ ಜೊತೆಗೆ ಅಪ್‌ಡೇಟ್‌ ಆಗುತ್ತದೆ, ಆದರೆ ವಿಂಡೋಸ್‌ನಲ್ಲಿ ಹಾಕಿಕೊಂಡವರು ತಾವೇ ನೆನಪಿಟ್ಟು ಹೊಸದನ್ನು ತರಬೇಕು. ಪ್ಲೇಯರ್‌ ಯಾವುದೇ ಇರಲಿ, ಅದರ ಅಧಿಕೃತ ತಾಣದಿಂದ ಅಥವಾ ಸಿಸ್ಟಮ್‌ನ ಸ್ವಂತ ಸ್ಟೋರಿನಿಂದಲೇ ಪಡೆಯಬೇಕು; ಹುಡುಕಾಟದ ಮೇಲ್ಭಾಗದಲ್ಲಿ ಜಾಹೀರಾತಾಗಿ ಬರುವ ಕೊಂಡಿಯನ್ನು ಒತ್ತಬಾರದು.

ಜೋಡಿಯನ್ನು ಆರಿಸುವುದು, ಹೊಂದಿಸುವುದು

ಮನೆಯವರೆಲ್ಲ ಬಳಸುವ ಕಂಪ್ಯೂಟರಾದರೆ ಸಿಸ್ಟಮ್‌ನ ಪ್ಲೇಯರು ಮತ್ತು ವಿಎಲ್‌ಸಿ ಸಾಕು. ಕಲಿಸುವ ಅಗತ್ಯವೇ ಬೀಳುವುದಿಲ್ಲ. ಹಳೆಯ ವಿಂಡೋಸ್‌ ಕಂಪ್ಯೂಟರಿದ್ದು ಚಿತ್ರ ತಡೆಯುತ್ತಿದ್ದರೆ ವಿಎಲ್‌ಸಿ ಬದಲು ಎಂಪಿಸಿ-ಎಚ್‌ಸಿ ಹಾಕಿ ನೋಡಿ. ಫ್ರೇಮ್‌ ಫ್ರೇಮ್‌ ನೋಡುವ, ಬರೆದುಕೊಳ್ಳುವ, ಬಣ್ಣವನ್ನು ನಂಬಿ ಕೆಲಸ ಮಾಡುವ ವ್ಯಕ್ತಿಗೆ ಎಂಪಿವಿ ಮುಖ್ಯ ಪ್ಲೇಯರಾಗಿರಲಿ, ಜೊತೆಗೆ ಸಿಸ್ಟಮ್‌ನದು ಪರೀಕ್ಷೆಗೆ ಇರಲಿ. ಹಾನಿಗೊಂಡ ಫೈಲು, ಡಿವಿಡಿ, ನೆಟ್‌ವರ್ಕ್‌ ಹರಿವು ಇಂಥವು ಆಗಾಗ ಬರುತ್ತಿದ್ದರೆ ಮಾತ್ರ ವಿಎಲ್‌ಸಿ ಮೂರನೆಯದಾಗಿ ಸೇರಲಿ. ಫೋನಿನಲ್ಲಿ ಚಿತ್ರೀಕರಿಸುವಾಗ ನಡುವೆ ಬ್ಯಾಟರಿ ಮುಗಿದು ನಿಂತ ಎಂಪಿ4 ಫೈಲು ಯಾವ ಪ್ಲೇಯರಿನಲ್ಲೂ ತೆರೆಯದಿದ್ದರೆ ನಾಲ್ಕನೆಯದನ್ನು ಹುಡುಕಬೇಡಿ. ಫೈಲಿನ ಪೂರ್ತಿ ನಕ್ಷೆಯನ್ನು ಸಾಮಾನ್ಯವಾಗಿ ಚಿತ್ರೀಕರಣ ಮುಗಿಸಿದಾಗ ಬರೆಯಲಾಗುತ್ತದೆ. ಅದು ಬರೆಯದೆ ಉಳಿದಾಗ ಬೇಕಾಗುವುದು ಪ್ಲೇಯರಲ್ಲ, ಫೈಲ್‌ ದುರಸ್ತಿಯ ಸಾಧನ. ಅದೇ ಫೋನಿನಲ್ಲಿ ತೆಗೆದ ಸರಿಯಾದ ಇನ್ನೊಂದು ವಿಡಿಯೊ ಇದ್ದರೆ ಅದರ ನಮೂನೆಯನ್ನು ಆಧರಿಸಿ ಚಿತ್ರವನ್ನು ಮರಳಿ ಪಡೆಯಲು ಕೆಲವೊಮ್ಮೆ ಸಾಧ್ಯವಾಗುತ್ತದೆ.

ಎರಡನ್ನೂ ಹಾಕಿದ ಮೇಲೆ ಯಾವುದು ತಾನಾಗಿ ತೆರೆಯಬೇಕು ಎಂಬುದನ್ನು ನೀವೇ ನಿರ್ಧರಿಸಿ. ಈಗಿನ ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ ಒಳಗಿನ ಡಿಫಾಲ್ಟ್‌ ಆ್ಯಪ್ಸ್‌ ಪುಟದಲ್ಲಿ ಎಂಪಿ4, ಎಂಕೆವಿ ಎಂದು ಒಂದೊಂದಕ್ಕೂ ಬೇರೆ ಪ್ಲೇಯರನ್ನು ಗೊತ್ತುಮಾಡಬಹುದು. ಮ್ಯಾಕ್‌ನಲ್ಲಿ ಫೈಲಿನ ಗೆಟ್‌ ಇನ್ಫೊ ಕಿಟಕಿಯಲ್ಲಿ ಓಪನ್‌ ವಿತ್‌ ಆರಿಸಿ ಚೇಂಜ್‌ ಆಲ್‌ ಒತ್ತಬೇಕು. ನಾನು ಎಂಕೆವಿಯನ್ನು ಎಂಪಿವಿಗೂ, ಎಂಪಿ4 ಅನ್ನು ಸಿಸ್ಟಮ್‌ನ ಪ್ಲೇಯರಿಗೂ ಬಿಟ್ಟಿದ್ದೇನೆ. ಇತರರಿಗೆ ಕಳಿಸುವ ಫೈಲುಗಳೆಲ್ಲ ಎಂಪಿ4 ಆಗಿರುವುದರಿಂದ, ಡಬಲ್‌ ಕ್ಲಿಕ್‌ ಮಾಡಿದೊಡನೆ ಬೇರೆ ಯೋಚನೆಯಿಲ್ಲದೆ ಕಟ್ಟುನಿಟ್ಟಿನ ಪರೀಕ್ಷೆ ನಡೆದುಹೋಗುತ್ತದೆ. ಒಂದು ಅನನುಕೂಲವನ್ನು ಒಪ್ಪಿಕೊಳ್ಳಬೇಕಾಗುತ್ತದೆ: ಒಂದು ಪ್ಲೇಯರಿನಲ್ಲಿ ಅರ್ಧ ನೋಡಿ ನಿಲ್ಲಿಸಿದ ಜಾಗ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ವಿಎಲ್‌ಸಿ ಅದೇ ಫೈಲನ್ನು ಮತ್ತೆ ತೆರೆದಾಗ ಮುಂದುವರಿಸಬೇಕೇ ಎಂದು ಕೇಳುತ್ತದೆ, ಎಂಪಿವಿಯಲ್ಲಿ ಶಿಫ್ಟ್‌ ಜೊತೆಗೆ ‘ಕ್ಯೂ’ ಒತ್ತಿ ಮುಚ್ಚಿದರೆ ಜಾಗ ಉಳಿಯುತ್ತದೆ; ಆದ್ದರಿಂದ ಉದ್ದದ ವಿಡಿಯೊವನ್ನು ಯಾವುದರಲ್ಲಿ ಆರಂಭಿಸಿದ್ದೀರೋ ಅದರಲ್ಲೇ ಮುಗಿಸಿ, ಇನ್ನೊಂದನ್ನು ಸಂಶಯ ಬಂದ ಕ್ಷಣಕ್ಕೆ ಮೌಸ್‌ನ ಬಲಗುಂಡಿ ಒತ್ತಿ ಓಪನ್‌ ವಿತ್‌ ಮೂಲಕ ಕರೆಯಿರಿ.